ಖಾಸಿಂಸಾಬರ ಹೆಸರಿನ ಟಪಾಲು

ನನ್ನ ಗಂಡ ತೀರಿಕೊಂಡ ಹದಿನೇಳನೆಯ ದಿನ ಅವರ ಹೆಸರಿಗೆ ಮುಂಬಯಿಯಿಂದ ಒಂದು ಪತ್ರ ಬಂತು.

ಟಪಾಲಿನ ದ್ಯಾಮಪ್ಪ ಬಾಗಿಲ ಮುಂದೆ ಸೈಕಲ್ಲು ನಿಲ್ಲಿಸಿ, ರೂಢಿಯಂತೆ, "ಖಾಸಿಂಸಾಬ ನದಾಫ! ಟಪಾಲ ಐತ್ರಿ!" ಎಂದು ಕೂಗಿಬಿಟ್ಟ. ಕೂಗಿದ ಮೇಲೆ ಅವನಿಗೆ ನೆನಪಾಯಿತು. ಮಣ್ಣಿಗೆ ಅವನೂ ಬಂದಿದ್ದ. ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಿದ್ದ ನನ್ನ ಮಾವ ಮರ್ದಾನಸಾಬರು ಸೂಜಿ ನಿಲ್ಲಿಸಿದರು. ಅಡಿಗೆಮನೆಯಲ್ಲಿ ನನ್ನ ಅತ್ತೆ ಗುಲಾಬಬಿ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು.

"ತಪ್ಪಾತ್ರಿ ಕಾಕಾ," ಎಂದ ದ್ಯಾಮಪ್ಪ. "ಈ ಬಾಯಿಗೆ ಒಂದೀಟೂ ಖಬರ ಇಲ್ಲ."

ನಾನು ಇದ್ದತ್ತಿನಲ್ಲಿದ್ದೆ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಬಾಗಿಲ ಪರದೆಯ ಹಿಂದಿನಿಂದಲೇ ಹೇಳಿದೆ.

"ಇರ್ಲಿ ದ್ಯಾಮಪ್ಪಣ್ಣ. ಟಪಾಲಿನ ಮ್ಯಾಲ ಅದ ಹೆಸರು ಐತೆಲ್ಲ. ಇನ್ನ ಮುಂದೂ ಹಂಗ ಕೂಗ್ರಿ."

ಮಾವ ಪತ್ರ ತಂದು ನನ್ನ ಕೈಗೆ ಕೊಟ್ಟರು. ಮತ್ತೆ ಹೋಗಿ ಸೂಜಿ ಹಿಡಿದರು.

ಆ ಪತ್ರ ನಮ್ಮ ಮನೆಯ ಬಂದೂಕಿನ ಸಲುವಾಗಿ ಬಂದದ್ದು; ಅದರ ವಿಷಯ ಇಲ್ಲಿ ಹೇಳಬೇಕು. ನಮ್ಮದು ಲಕ್ಷ್ಮೇಶ್ವರದಲ್ಲಿ ಹತ್ತಿ ಹಿಂಜುವ, ಗಾದಿ ಹೊಲಿಯುವ ನದಾಫರ ಮನೆ. ಮನೆಯ ಮಾತು ಕನ್ನಡವೇ. ಮಾವನ ತಂದೆ ಗದಗಿನ ರೈಲ್ವೆ ಬಂಗಲೆಗಳಿಗೆ ಗಾದಿ ಹೊಲಿದು ಕೊಡುತ್ತಿದ್ದರು. ನಲವತ್ತೇಳರಲ್ಲಿ ಊರು ಬಿಟ್ಟ ಒಬ್ಬ ಇಂಗ್ಲಿಷ್ ಇಂಜಿನಿಯರು ತನ್ನ ಬಂದೂಕನ್ನು ಅವರಿಗೆ ಮಾರಿ ಹೋದ. ಅಮೆರಿಕದಲ್ಲಿ ಮಾಡಿದ್ದು, ಪಂಪಿನ ಬಂದೂಕು. ನಳಿಗೆಯ ಕೆಳಗಿನ ಕಟ್ಟಿಗೆಯ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಖಾಲಿ ತೋಟಾ ಹೊರಗೆ ಬಿದ್ದು ಹೊಸದು ಮೇಲೇರುತ್ತದೆ. ಹೀಗೆ ಒಂದರ ಹಿಂದೊಂದು ಐದು ಗುಂಡು ಹಾರಿಸಬಹುದು.

ಈ ಮನೆಯವರು ಅದರಿಂದ ಏನನ್ನೂ ಬೇಟೆಯಾಡಿದವರಲ್ಲ. ರಂಜಾನ್ ತಿಂಗಳಲ್ಲಿ ದಿನಾ ಸಂಜೆ ರೋಜಾ ಬಿಡುವ ಹೊತ್ತಿಗೆ ನಮ್ಮ ಮಾಳಿಗೆಯ ಮೇಲಿಂದ ಒಂದು ಗುಂಡು, ಸೀಸದ ಛರ್ರೆ ಕಾಳು ತೆಗೆದ ತೋಟಾದ ಬರೀ ಸಪ್ಪಳ. ಈದಿನ ಚಂದ್ರ ಕಂಡ ಸಂಜೆ ಮೂರು. ಓಣಿಯ ಜಮಾತು ಈ ಮನೆತನಕ್ಕೆ ಕೊಟ್ಟ ಮಾನ ಅದು. ಶಿರಹಟ್ಟಿ ದಾರಿಯ ಹೊಲಮನೆಗಳಿಗೆ ಮಸೀದಿಯ ಬಾಂಗು ಕೇಳಿಸುವುದಿಲ್ಲ. ಕರೆಂಟು ಹೋಗಿ ಮೈಕು ನಿಂತರೆ ಓಣಿಯ ತುದಿಗೂ ಕೇಳಿಸುವುದಿಲ್ಲ. ಮೊದಲಿದ್ದ ಕೋವಿಗೆ ಪ್ರತಿ ಸಲ ಮದ್ದು ಜಡಿಯಬೇಕಾಗಿತ್ತಂತೆ. ಮೂರನೆಯದು ಹಾರುವಷ್ಟರಲ್ಲಿ ಜನ ಮೊದಲನೆಯದನ್ನು ಮರೆತು ಮಲಗಿರುತ್ತಿದ್ದರಂತೆ. ಪಂಪಿನದು ಬಂದ ಮೇಲೆ ಆ ಗೊಂದಲ ಇರಲಿಲ್ಲ.

ಹೋದ ವರ್ಷದ ಈದಿನ ಸಂಜೆ ಎರಡು ಗುಂಡು ಹಾರಿ ಮೂರನೆಯದು ಒಳಗೇ ಸಿಕ್ಕಿಕೊಂಡಿತು. ಆ ರಾತ್ರಿ ಹೊಲಮನೆಗಳಲ್ಲಿ ದೊಡ್ಡ ವಾದವೇ ನಡೆಯಿತಂತೆ. ಒಂದಾದರೆ ರೋಜಾ, ಮೂರಾದರೆ ಈದ್, ಎರಡಕ್ಕೆ ಏನು ಮಾಡುವುದು? ಕೆಲವರು ಮರುದಿನ ಬೆಳಿಗ್ಗೆ ಹಬ್ಬದ ಶ್ಯಾವಿಗೆ ಸುರಕುಂಬಾ ಕಾಯಿಸಿದರು. ಕೆಲವರು ಮಧ್ಯಾಹ್ನದವರೆಗೆ ಉಪವಾಸವಿದ್ದು, ಈದಿನ ದಿನ ರೋಜಾ ಹಿಡಿದ ಪಾಪ ತಲೆಗೆ ಬಂತೆಂದು ಮಸೀದಿಯ ಮುಂದೆ ಬಂದು ಕೂಗಾಡಿದರು.

ಜಮಾತಿನ ಹಿರಿಯ ಮಹಬೂಬಸಾಬರು ಎಲ್ಲರೆದುರು ಕೇಳಿದರು. "ಏನೋ ಮರ್ದಾನ, ಮುಂದಿನ ವರ್ಷ ಒಂದೂವರಿ ಹಾರಸಾಂವ ಏನ?"

ಜನ ನಕ್ಕರು. ನಕ್ಕು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು. "ಮುಂದಿನ ರಂಜಾನಕ್ಕ ಮೊದಲನೇ ಸಂಜಿ ಬಾರು ಕೇಳಲಿಲ್ಲಂದ್ರ ಮಸೂತಿ ಮ್ಯಾಲ ಸೈರನ್ ಕುಂದ್ರಸ್ತೀವಿ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಮಾವ ಮನೆಗೆ ಬಂದು ಬಂದೂಕನ್ನು ನನ್ನ ಗಂಡನ ಮುಂದಿಟ್ಟು ಹೊರಗೆ ಹೋದರು.

ನನ್ನ ಗಂಡ ಹುಲಕೋಟಿ ಕಡೆಯ ನೂಲಿನ ಗಿರಣಿಯಲ್ಲಿ ಫಿಟ್ಟರ್. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಹಿಂಜಿದ ಹತ್ತಿಯ ಹಾಸು ಹಾಸಿ ಅದರ ಮೇಲೆ ಬಂದೂಕನ್ನು ಬಿಚ್ಚಿದರು. ಒಂದೊಂದು ಸ್ಕ್ರೂ ತೆಗೆದಾಗಲೂ ಹತ್ತಿಯಲ್ಲಿ ಬೆರಳಿನಿಂದ ಕುಳಿ ಮಾಡಿ ಅದರಲ್ಲಿಡುತ್ತಿದ್ದರು. ಬಂದೂಕಿನ ಜೊತೆಗೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ನಾನು ಓದಿ ಹೇಳುತ್ತಿದ್ದೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬಂದವಳಿಗೆ ಆ ಮನೆಯಲ್ಲಿ ಸಿಕ್ಕ ಮೊದಲ ಉಪಯೋಗ ಅದು. "ನೀ ಬಾಯಿ, ನಾ ಕೈ," ಎನ್ನುತ್ತಿದ್ದರು ಅವರು.

ಮುರಿದದ್ದು ತೋಟಾವನ್ನು ಮೇಲೆತ್ತುವ ನಾಲಿಗೆಯಂಥ ಒಂದು ಉಕ್ಕಿನ ತುಣುಕು. ಬೆಟಗೇರಿಯ ಬಂದೂಕು ರಿಪೇರಿಯ ಉಸ್ಮಾನಸಾಬರು ಜೀಪಿನ ಸ್ಪ್ರಿಂಗಿನ ಪಾಟಾ ಕಡಿದು ಒಂದನ್ನು ಮಾಡಿಕೊಟ್ಟರು. ನಾಲ್ಕು ಸಲಕ್ಕೆ ಬಿರುಕು ಬಿಟ್ಟಿತು. ಇನ್ನೊಂದು ಮಾಡಿದರು. ಅದು ಬಾಗಿತು. "ನನ್ನ ಕೈಲಿ ಆಗಂಗಿಲ್ಲ. ಸತ್ತ ಬಂದೂಕಿನ ಹೊಟ್ಟಿ ಒಳಗಿಂದ ತಗದದ್ದ ಬೇಕು," ಎಂದರು. ಅಂಥ ಬಂದೂಕು ಈ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ಮಾಡಿದ ಕಂಪನಿ ಆ ಮಾದರಿಯನ್ನು ಎರಡನೆಯ ಮಹಾಯುದ್ಧಕ್ಕೂ ಮೊದಲೇ ನಿಲ್ಲಿಸಿತ್ತು. ಹಾಗಾಗಿ ಮದ್ರಾಸು, ಕಲಕತ್ತ, ಮುಂಬಯಿಯ ಬಂದೂಕಿನ ಅಂಗಡಿಗಳಿಗೆ ನಾವು ಗಂಡ ಹೆಂಡತಿ ಪತ್ರ ಬರೆಯಲು ಕೂತೆವು. ಅವರು ಹೇಳಿದರು, ನಾನು ಬರೆದೆ. ಕೊನೆಗೆ ಅವರದೊಂದು ಚೇಷ್ಟೆ: "ಪತ್ರ ನನ್ನ ಹೆಂಡತಿ ಬರೆದದ್ದು, ತಪ್ಪಿದ್ದರೆ ಅವಳವು ಎಂದೂ ಬರಿ." ಬರೆದೆ. ಅವರು ಸಹಿ ಮಾಡಿದರು. ಅದು ಜನವರಿ ಕೊನೆ.

ಫೆಬ್ರುವರಿಯಲ್ಲಿ ಕಾಮಾಲೆ ಆಯಿತು. ಒಂಬತ್ತನೆಯ ದಿನ ಹೋದರು. ಇಪ್ಪತ್ತೊಂಬತ್ತು ವರ್ಷ.

ಮುಂಬಯಿಯ ಪತ್ರ ಬರೆದವರು ಪೇಸ್ತನಜಿ ಎಂಬ ಮುದುಕರು. ಕೈಬರಹ ನಡುಗುತ್ತಿತ್ತು. "ಪ್ರಿಯ ಶ್ರೀ ಖಾಸಿಂಸಾಬರೇ, ನನ್ನ ಅಂಗಡಿಯ ಹಿಂದೆ ಸತ್ತ ಬಂದೂಕುಗಳ ಎರಡು ಟ್ರಂಕು ಇವೆ. ನಿಮ್ಮ ತುಣುಕನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಿ. ನಿಮ್ಮ ಹೆಂಡತಿಗೆ ಹೇಳಿ, ಪತ್ರದಲ್ಲಿ ಒಂದೂ ತಪ್ಪಿರಲಿಲ್ಲ. ಅವರು ಚೆನ್ನಾಗಿದ್ದಾರೆಯೇ?"

ನಾನು ಅದನ್ನು ಬಹಳ ಹೊತ್ತು ಹಿಡಿದು ಕೂತಿದ್ದೆ. ಲಕ್ಷ್ಮೇಶ್ವರದಲ್ಲಿ, ಗದಗದಲ್ಲಿ, ನನ್ನ ತವರು ಮುಂಡರಗಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಂಬಯಿಯ ಒಬ್ಬ ಮುದುಕರಿಗೆ ಮಾತ್ರ ಗೊತ್ತಿರಲಿಲ್ಲ. ಅವರ ಮಟ್ಟಿಗೆ ಖಾಸಿಂಸಾಬ ನದಾಫ ಉತ್ತರ ಬರೆಯಲಿರುವ ಒಬ್ಬ ಮನುಷ್ಯ.

ಮಾರನೆಯ ದಿನ ಉತ್ತರ ಬರೆದೆ. ಹೆಂಡತಿ ಚೆನ್ನಾಗಿದ್ದಾಳೆ ಎಂದು ಬರೆದೆ. ಕೆಳಗೆ ನನ್ನ ಗಂಡನ ಸಹಿ ಮಾಡಿದೆ. ಕೊನೆಯ ಅಕ್ಷರದ ಬಾಲವನ್ನು ಅವರು ಮೇಲಕ್ಕೆ ಎಳೆಯುತ್ತಿದ್ದರು. ಅದೊಂದೇ ಸ್ವಲ್ಪ ಕಷ್ಟವಾಯಿತು.

ತುಣುಕಿನ ಗೆರೆ ಎಳೆದವಳೂ ನಾನೇ. ಅದರಲ್ಲಿ ತಪ್ಪು ಮಾಡಿದೆ. ತುಣುಕನ್ನು ಅಡಿಮೇಲಾಗಿ ಇಟ್ಟಿದ್ದೆ. ಏಪ್ರಿಲ್ ತಿಂಗಳಲ್ಲಿ ಮುಂಬಯಿಯಿಂದ ಬಂದದ್ದು ನನ್ನ ಗೆರೆಗೆ ಸರಿಯಾಗಿ ಕೂರುವ, ಆದರೆ ಬೇರೆಯೇ ಬಂದೂಕಿನ ತುಣುಕು. ಉಸ್ಮಾನಸಾಬರು ಪರದೆಯ ಆಚೆ ಕೂತು ಅದನ್ನು ಹಾಕಿ ನೋಡಿದರು.

"ಗೆರಿ ಹೊಡದಾವ್ರು ಯಾರು? ಮಗ್ಗಲ ಬದಲಾಗೇತಲ್ಲ. ಇದನ್ನ ಹಾಕಿದ್ರ ಬಾರು ಹಿಂದಕ್ಕ ಹಾರತೈತಿ, ಮರ್ದಾನಣ್ಣನ ದಾಡಿ ಸುಡತೈತಿ."

"ನಾನ ರೀ ಕಾಕಾ," ಎಂದೆ.

"ಹೋಗ್ಲಿ ಬಿಡು ಬೇಟಿ. ಓದಿದವ್ರು ತಪ್ಪೂ ನೆಟ್ಟಗ ಮಾಡ್ತಾರ."

ಮಾವ ನಗಲಿಲ್ಲ. ಎದ್ದು ಹತ್ತಿ ಹಿಂಜುವ ಕಮಾನು ಇಳಿಸಿಕೊಂಡರು. ನನಗೆ ಅವರ ಬೆನ್ನು ಕಾಣುತ್ತಿತ್ತು. ಅವರಿಗಾಗಿ ಕೆಡುಕೆನಿಸಬೇಕಾಗಿತ್ತು. ಆದರೆ ನನಗೆ ಅನಿಸಿದ್ದು ಬೇರೆ. ಇನ್ನೊಂದು ಪತ್ರ ಬರೆಯಬೇಕು, ಅದಕ್ಕೆ ಉತ್ತರ ಬರಬೇಕು.

ಬರೆದೆ. ಉತ್ತರ ಬಂತು. ಹತ್ತು ಹನ್ನೆರಡು ದಿನಕ್ಕೊಮ್ಮೆ ದ್ಯಾಮಪ್ಪ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಮೊದಮೊದಲು ಮೆಲ್ಲಗೆ, ಕದ್ದವನ ಹಾಗೆ ಕೂಗುತ್ತಿದ್ದವನು ಕ್ರಮೇಣ ಮೊದಲಿನಂತೆಯೇ ಕೂಗತೊಡಗಿದ. ಪೇಸ್ತನಜಿಯವರು ಮಂಡಿನೋವಿನ ಬಗ್ಗೆ, ಸಮುದ್ರದ ಗಾಳಿಗೆ ಉಕ್ಕು ತುಕ್ಕು ಹಿಡಿಯುವ ಬಗ್ಗೆ ಬರೆಯುತ್ತಿದ್ದರು. ನಾನು ಗಿರಣಿಯ ಸುದ್ದಿ, ಊರಿನ ಬಿಸಿಲಿನ ಸುದ್ದಿ ಬರೆಯುತ್ತಿದ್ದೆ.

"ಏನಂತಾರವಾ ಮುಂಬೈದವ್ರು?" ಎಂದು ಮಾವ ಕೇಳುತ್ತಿದ್ದರು.

"ಹುಡಕಾಕತ್ತಾರಂತ್ರಿ ಮಾವಾರ."

ಮೇ ಇಪ್ಪತ್ತೈದಕ್ಕೆ ರಜಿಸ್ಟರ್ ಪಾರ್ಸೆಲ್ ಬಂತು. ಮಾವ ಗಾದಿ ಹೊತ್ತು ಶಿರಹಟ್ಟಿಗೆ ಹೋಗಿದ್ದರು. ಅತ್ತೆ ಒಳಗೆ ಅಡ್ಡಾಗಿದ್ದರು. ಪರದೆಯ ಕೆಳಗಿನಿಂದ ಸಹಿಯ ಚೀಟಿ ಪಡೆದು ಪಾರ್ಸೆಲ್ಲನ್ನು ಕೋಣೆಗೆ ಒಯ್ದು ಬಿಚ್ಚಿದೆ. ಬೆರಳುದ್ದದ ಕಪ್ಪು ಉಕ್ಕು, ಎಣ್ಣೆ ಸವರಿತ್ತು. ಹತ್ತಿಯ ಹಾಸಿನ ಮೇಲಿದ್ದ ಬಂದೂಕಿನ ಒಡಲಲ್ಲಿಟ್ಟು ನೋಡಿದೆ. ತನ್ನ ಜಾಗ ತನಗೆ ಗೊತ್ತಿದ್ದ ಹಾಗೆ ಕೂತಿತು.

ನಾನು ಅದನ್ನು ತೆಗೆದೆ. ಹತ್ತಿಯಲ್ಲಿ ಸುತ್ತಿದೆ. ನನ್ನ ಗಂಡನ ತಲೆದಿಂಬಿನ ಒಂದು ಬದಿಯ ಹೊಲಿಗೆ ಬಿಚ್ಚಿ, ಒಳಗಿಟ್ಟು, ಮತ್ತೆ ಹೊಲಿದೆ. ಆಮೇಲೆ ಪೆನ್ನು ತೆಗೆದುಕೊಂಡು ಮುಂಬಯಿಗೆ ಬರೆದೆ. "ತುಣುಕು ತಲುಪಿತು. ಕೂರಲು ಸ್ವಲ್ಪ ಅರ ಹಾಕಿ ಉಜ್ಜಬೇಕಾಗಬಹುದು ಎಂದು ಕಾಣುತ್ತದೆ. ಎಲ್ಲಿ, ಎಷ್ಟು ಎಂಬುದನ್ನು ದಯವಿಟ್ಟು ತಿಳಿಸಿ."

ಸಂಜೆ ಮಾವ ಬಂದು ಕೇಳಿದಾಗ "ಇನ್ನೂ ಇಲ್ರಿ" ಎಂದೆ. ಅವರು ತಲೆಯಾಡಿಸಿದರು. ರಂಜಾನಿಗೆ ಇಪ್ಪತ್ತು ದಿನ ಉಳಿದಿತ್ತು. ಅದು ನನಗೆ ಗೊತ್ತಿತ್ತು. ಸೈರನ್ನಿನ ಮಾತೂ ಗೊತ್ತಿತ್ತು. ಮಗ ಹೋದ ಮೇಲೆ ಆ ಮನುಷ್ಯನ ಹತ್ತಿರ ಊರಿನವರು ಕೇಳಿಕೊಂಡು ಬರುವಂಥದ್ದು ಇನ್ನೊಂದಿಲ್ಲ ಎಂಬುದೂ ಗೊತ್ತಿತ್ತು. ತುಣುಕು ಕೊಟ್ಟ ದಿನ ಪತ್ರಗಳು ನಿಲ್ಲುತ್ತವೆ. ಪತ್ರ ನಿಂತ ದಿನ ಆ ಹೆಸರನ್ನು ಬಾಗಿಲಲ್ಲಿ ಯಾರೂ ಕೂಗುವುದಿಲ್ಲ. ದಿನಾ ನಾಳೆ ಕೊಡೋಣ ಎಂದುಕೊಳ್ಳುತ್ತಿದ್ದೆ. ರಾತ್ರಿ ಆ ದಿಂಬಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ.

ಜೂನ್ ಹದಿನಾಲ್ಕು ಮೊದಲ ರೋಜಾ. ಮಧ್ಯಾಹ್ನದಿಂದಲೇ ಮೋಡ ಕಟ್ಟಿತ್ತು. ಐದಕ್ಕೆ ಗಾಳಿಯೆದ್ದು ಕರೆಂಟು ಹೋಯಿತು. ಸೂರ್ಯ ಎಲ್ಲಿದ್ದಾನೆಂದೇ ಗೊತ್ತಾಗುವಂತಿರಲಿಲ್ಲ. ಅತ್ತೆ ತಟ್ಟೆಯಲ್ಲಿ ಖರ್ಜೂರ, ನೆನೆಸಿದ ಕಡಲೆಬೇಳೆ ಇಟ್ಟರು. ಮಾವ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಏಣಿ ಹತ್ತಿ ಮಾಳಿಗೆಗೆ ಹೋದರು. ಕೈಯಲ್ಲಿ ಏನೂ ಇರಲಿಲ್ಲ.

"ಎಲ್ಲಿಗೆ ಹ್ವಾದ್ರು?" ಎಂದು ಅತ್ತೆ ಕೇಳಿದರು. ನಾನು ಮೇಲೆ ತೋರಿಸಿದೆ.

ಅಂಗಳದಿಂದ ಅವರು ಕಾಣುತ್ತಿದ್ದರು. ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಪಕ್ಕದ ಮಾಳಿಗೆಯ ಹುಡುಗಿಯರು ಅವರನ್ನೇ ನೋಡುತ್ತಿದ್ದರು. ಬಾಂಗು ಆಯಿತು, ಮೈಕಿಲ್ಲದ ಬರೀ ಗಂಟಲು, ಗಾಳಿಗೆ ಹರಿದು ಹರಿದು ಬಂತು. ನಾವಿಬ್ಬರೂ ಖರ್ಜೂರ ಬಾಯಿಗೆ ಹಾಕಿಕೊಂಡೆವು. ಮಾವ ಇಳಿಯಲಿಲ್ಲ. ಮಾಳಿಗೆಯ ಮೇಲೆ ಕತ್ತಲಾಗುತ್ತ ಬಂತು. ಅತ್ತೆ ಏಣಿಯ ಬುಡಕ್ಕೆ ಹೋಗಿ ಕರೆದರು.

"ಇಳೀರಿ. ಬಾಂಗ್ ಆಗಿ ಎಷ್ಟೊತ್ತಾತು. ನೀರರ ಕುಡೀರಿ."

"ಬಾರು ಆಗಿಲ್ಲಲ್ಲ," ಎಂದರು ಮಾವ. "ಬಾರು ಆಗದ ಹೆಂಗ ಬಿಡ್ಲಿ?"

ಅವರು ತಮಾಷೆಗೆ ಹೇಳಿದ್ದಲ್ಲ. ಮೂವತ್ತಾರು ವರ್ಷ ಮೊದಲು ಗುಂಡು ಹಾರಿಸಿ ಆಮೇಲೆ ನೀರು ಕುಡಿದ ಮನುಷ್ಯ. ಗಂಟಲಿಗೆ ಬೇರೆ ರೂಢಿಯೇ ಇರಲಿಲ್ಲ. ಕೊನೆಗೆ ಇಳಿದು ಬಂದು, ತಟ್ಟೆಯ ಮುಂದೆ ಕೂತು, ನೀರಿನ ಲೋಟ ಹಿಡಿದು, ಅದನ್ನು ಹಾಗೆಯೇ ಕೆಳಗಿಟ್ಟರು. ನಮಾಜಿಗೆ ಹೋದರು.

ಅವರು ಹೊರಗೆ ಹೋದ ಮೇಲೆ ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು. "ದಿಂಬ ಬಿಚ್ಚವಾ ಸಾಬೀರಾ."

ಮಾವ ಬಿಟ್ಟುಹೋದ ಲೋಟ ಎತ್ತಿದ್ದವಳು ಮತ್ತೆ ಕೆಳಗಿಟ್ಟೆ.

"ನಾ ಗಾದಿ ಹೊಲಿಯಾವ್ರ ಮನಿಗೆ ಬಂದು ಮೂವತ್ತೆಂಟು ವರ್ಷ ಆತು. ಯಾವ ಹೊಲಿಗಿ ಯಾರ ಕೈದು ಅಂತ ಗೊತ್ತಾಗಂಗಿಲ್ಲೇನ ನನಗ? ಆ ದಿಂಬ ನಾ ಹೊಲದದ್ದು. ನೀ ಹೊಲದದ್ದು ಬೇಲಿ ಕಟ್ಟಿದಂಗ ಐತಿ."

"ಮತ್ತ ಯಾಕ ಸುಮ್ಮನ ಇದ್ರಿ ಅತ್ತಿ?"

ಅವರು ತಟ್ಟೆಯಲ್ಲಿ ಉಳಿದ ಖರ್ಜೂರವನ್ನು ಒಂದು ಬದಿಗೆ ಸರಿಸಿದರು, ಮತ್ತೆ ಇನ್ನೊಂದು ಬದಿಗೆ ಸರಿಸಿದರು.

"ಆ ದ್ಯಾಮ ಬಂದು ಒದರ್ತಾನಲ್ಲ ಹೆಸರು. ನಾ ಒಲಿ ಮುಂದ ಕುಂತಿರ್ತೀನಿ. ಒಂದ ಗಳಿಗಿ, ಖರೇನ, ಒಳಗ ಎಲ್ಲೋ ಅದಾನ, ಈಗ 'ಓ' ಅಂತಾನ ಅನಸ್ತೈತಿ. ಯಾರೂ ಓ ಅನ್ನಂಗಿಲ್ಲ. ಆದ್ರ ಆ ಒಂದ ಗಳಿಗಿ ಐತೆಲ್ಲ." ಖರ್ಜೂರ ಬಿಟ್ಟು ಕೈ ಒರೆಸಿಕೊಂಡರು. "ನನಗೂ ಬೇಕಾಗಿತ್ತವಾ ಅದು. ನೀ ಒಬ್ಬಾಕೀನ ಅಂತ ತಿಳಕೋಬ್ಯಾಡ."

ನಾನು ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಅಳಲಿಲ್ಲ. ನನಗೆ ಅಳು ಬರುವುದು ಆ ಮೊದಲೇ ನಿಂತಿತ್ತು.

"ಆದ್ರ ಆ ಮುದುಕ ಉಪವಾಸ ಅದಾನ," ಎಂದರು ಅತ್ತೆ. "ಹೋಗು. ಕತ್ತರಿ ಗೂಡಿನ್ಯಾಗ ಐತಿ."

ಮರುದಿನ ಮುಂಜಾನೆ ಮಹಬೂಬಸಾಬರು ಬಂದಿದ್ದರು. ಸೈರನ್ ಹುಬ್ಬಳ್ಳಿಯಿಂದ ಶುಕ್ರವಾರ ಬರುತ್ತದೆ ಎಂದು ಹೇಳಲು ಬಂದವರು, ಹೇಳಲಾರದೆ ಬಾಗಿಲಲ್ಲೇ ಮಳೆಯ ಮಾತಾಡುತ್ತ ನಿಂತರು. ಅತ್ತೆ ಒಳಗಿಂದ ಕೂಗಿದರು. "ಭಾವಾರ, ಇವತ್ತ ಸಂಜಿ ಮಟಾ ತಡೀರಿ. ಬಾರು ಆಗಲಿಲ್ಲಂದ್ರ ಸೈರನ್ನಿಗೆ ನಾನ ಕುಂಬಳಕಾಯಿ ಒಡೀತೀನಿ."

ಮಾವನಿಗೆ ಅರ್ಥವಾಗಲಿಲ್ಲ. ಅತ್ತೆ ಸೆರಗಿನೊಳಗಿಂದ ತುಣುಕು ತೆಗೆದು ಅವರ ಅಂಗೈಯಲ್ಲಿಟ್ಟರು. ಅವರು ಅದನ್ನು ನೋಡಿದರು. ಹೆಬ್ಬೆರಳಿನಿಂದ ಸವರಿದರು. ಏನೂ ಕೇಳದೆ ಬೆಟಗೇರಿಯ ಉಸ್ಮಾನಸಾಬರನ್ನು ಕರೆತರಲು ಹೊರಟರು.

ಮಧ್ಯಾಹ್ನ ಮೂರರ ಬಸ್ಸಿಗೆ ಇಬ್ಬರೂ ಬಂದರು. ಪಡಸಾಲೆಯ ನಡುವೆ ಹಾಸುಗೆಯ ಚಾದರ ಕಟ್ಟಿದರು. ಆಚೆ ಉಸ್ಮಾನಸಾಬರು, ಮಾವ. ಈಚೆ ನಾನು, ಕೈಪಿಡಿ ಹಿಡಿದು. ಚಾದರದ ಕೆಳಗೆ ಹತ್ತಿಯ ಹಾಸಿನ ಒಂದು ಅಂಚು, ಉಸ್ಮಾನಸಾಬರ ಕೈ ಇಷ್ಟು ಕಾಣುತ್ತಿತ್ತು.

"ಇಷ್ಟ ತಿಂಗಳ ಆತು, ಒಂದ ಸ್ಕ್ರೂ ಹೆಚ್ಚಿಲ್ಲ, ಒಂದ ಕಮ್ಮಿ ಇಲ್ಲ," ಎಂದರು ಅವರು. "ನಮ್ಮ ಅಂಗಡ್ಯಾಗ ಹಿಂಗ ಇಟ್ಟಿದ್ರ ನಾ ಎಂ.ಎಲ್.ಎ. ಆಗಿರ್ತಿದ್ದೆ. ಹೂಂ, ಓದು ಬೇಟಿ."

ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲು ಎತ್ತುವ ತುಣುಕನ್ನು ಒಡಲೊಳಗೆ ಕೂರಿಸುವುದು. ಎಡಗಡೆಯ ರಂಧ್ರಕ್ಕೆ ಮೊಳೆ. ಆಮೇಲೆ ಸಣ್ಣ ಸ್ಪ್ರಿಂಗು, ಚಪ್ಪಟೆ ಬದಿ ಕೆಳಗೆ. ನನ್ನ ದನಿ ನನಗೇ ಕೇಳಿಸುತ್ತಿತ್ತು. ಕಳೆದ ವರ್ಷ ಇದೇ ಸಾಲುಗಳನ್ನು ಓದುವಾಗ ನಡುನಡುವೆ "ತಡಿ, ತಡಿ" ಎನ್ನುವ ಇನ್ನೊಂದು ದನಿ ಇತ್ತು. ಉಸ್ಮಾನಸಾಬರು ತಡಿ ಎನ್ನುತ್ತಿರಲಿಲ್ಲ. ಅವರ ಕೈ ಬಹಳ ಬೇಗ ನಡೆಯುತ್ತಿತ್ತು. ನಾನು ಬೇಕೆಂದೇ ನಿಧಾನವಾಗಿ ಓದಿದೆ.

"ಎಷ್ಟ ಚಂದ ಕುಂತೈತಿ ನೋಡು. ಅರ ಮುಟ್ಟಸೂದ ಬ್ಯಾಡ," ಎಂದರು ಅವರು. ಹಿಡಿಯನ್ನು ಹಿಂದೆ ಮುಂದೆ ಎಳೆದರು. ಒಂದು ಖಾಲಿ ತೋಟಾ ಹೊರಗೆ ಹಾರಿ ಚಾದರಕ್ಕೆ ಬಡಿದು ನನ್ನ ಕಡೆಗೆ ಉರುಳಿತು. "ಅಲ್ಲೋ ಮರ್ದಾನಣ್ಣ, ಇದು ಯಾವಾಗ ಬಂತು? ನಿನ್ನೆ ಹಾಕಿದ್ರ ನಿನ್ನೇನ ಆಗತಿತ್ತಲ್ಲ."

ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬಂದು ಇಪ್ಪತ್ತ ದಿನ ಆತು. ನಾ ಎತ್ತಿ ಇಟ್ಟಿದ್ದೆ. ಇಟ್ಟು ಮರತೆ."

ಉಸ್ಮಾನಸಾಬರ ಕೈ ನಿಂತಿತು. ಅತ್ತೆ ಏನನ್ನೂ ಮರೆಯುವ ಹೆಂಗಸಲ್ಲ ಎಂಬುದು ಆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಇರ್ಲಿ," ಎಂದರು ಮಾವ ಕೊನೆಗೆ. "ಸಿಕ್ತಲ್ಲ."

ಆ ಸಂಜೆ ಮೋಡ ಹಾಗೆಯೇ ಇತ್ತು. ಮಾವ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದರು. ಏಣಿಯನ್ನು ಉಸ್ಮಾನಸಾಬರು ಹಿಡಿದು ನಿಂತರು. ನಾನು ಒಳಕೋಣೆಯ ಕಿಟಕಿಯ ಹತ್ತಿರ ಇದ್ದೆ. ಗುಂಡು ಹಾರಿತು. ಮಾಳಿಗೆಯ ತೊಲೆಗಳ ನಡುವಿನಿಂದ ಮಣ್ಣು ಉದುರಿ ನನ್ನ ತಲೆಯ ಮೇಲೆ, ತಟ್ಟೆಯ ಮೇಲೆ ಬಿತ್ತು. ಒಂದು ಗಳಿಗೆ ಓಣಿಯಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಪಾತ್ರೆಗಳ ಸಪ್ಪಳ, ಹುಡುಗರ ಕೇಕೆ. ಯಾರೋ ರಸ್ತೆಯಲ್ಲಿ ಕೂಗಿದರು: "ಒಂದ ಆತು ಮರ್ದಾನಣ್ಣ, ಎಣಿಸೀವಿ!"

ಮಾವ ಇಳಿದು ಬಂದು ನೀರು ಕುಡಿದರು. ಎರಡು ಲೋಟ ಕುಡಿದರು. ಗಂಟಲ ಗಂಟು ಮೇಲೆ ಕೆಳಗೆ ಹೋಗುವುದನ್ನು ಅತ್ತೆ ನೋಡುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು ಪೇಸ್ತನಜಿಯವರಿಗೆ ಬರೆಯಲು ಕೂತೆ. ನಾಲ್ಕು ಕಾಗದ ಹರಿದೆ. ಐದನೆಯದನ್ನು ಮುಗಿಸಿದಾಗ ಅತ್ತೆ ಬಂದು ಎದುರಿಗೆ ಕೂತರು.

"ಏನಂತ ಬರದಿ? ಕನ್ನಡದಾಗ ಹೇಳು."

ನಾನು ಓದಿದೆ. "ಮಾನ್ಯರೇ, ನೀವು ಕಳಿಸಿದ ತುಣುಕು ಸರಿಯಾಗಿ ಕೂತಿತು. ನಿನ್ನೆ ಸಂಜೆ ಬಂದೂಕು ಹಾರಿತು. ನನ್ನ ಗಂಡ ಖಾಸಿಂಸಾಬ ನದಾಫ ಫೆಬ್ರುವರಿ ಹದಿನಾಲ್ಕನೆಯ ತಾರೀಖು ತೀರಿಕೊಂಡರು."

ನಾನು ನಿಲ್ಲಿಸಿದೆ. ಆ ನಾಲ್ಕು ತಿಂಗಳಲ್ಲಿ ಈ ಮಾತನ್ನು ಊರೆಲ್ಲ ಹೇಳಿತ್ತು. ನಾವಿಬ್ಬರು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಅತ್ತೆ ನೆಲ ನೋಡುತ್ತಿದ್ದರು.

"ಹೂಂ. ಮುಂದ?"

"ಆಮೇಲಿನ ಪತ್ರಗಳನ್ನೆಲ್ಲ ಅವರ ಹೆಸರಿನಲ್ಲಿ ನಾನೇ ಬರೆದೆ. ಕ್ಷಮಿಸಬೇಕು. ಅವುಗಳಲ್ಲಿ ಅವರ ಬಗ್ಗೆ ಬರೆದ ಸುದ್ದಿಗಳು ನಿಜವಲ್ಲ. ಅವರಿಗೆ ಗಿರಣಿಯಲ್ಲಿ ಬಡ್ತಿಯಾಗಿ ಹೆಡ್ ಫಿಟ್ಟರ್ ಆದರೆಂದು ಬರೆದದ್ದೂ ನಿಜವಲ್ಲ."

ಅತ್ತೆ ತಲೆಯೆತ್ತಿದರು.

"ಹೆಡ್ ಫಿಟ್ಟರ್? ಯಾವಾಗ ಆದ?"

"ಏಪ್ರಿಲ್‌ದಾಗ್ರಿ."

"ಏಪ್ರಿಲ್‌ದಾಗ," ಎಂದರು ಅವರು. ಅದನ್ನು ಎರಡು ಸಲ ಹೇಳಿದರು. ಸೆರಗಿನಿಂದ ಬಾಯಿ ಒತ್ತಿ ಹಿಡಿದರು. ಬಿಟ್ಟಾಗ ದನಿ ಒಡೆದಿತ್ತು. "ಕೈ ಕೆಳಗ ಎಷ್ಟ ಮಂದಿ ಇದ್ರು?"

"ಹನ್ನೆರಡು ಮಂದಿ ಅಂತ ಬರದಿದ್ದೆ."

ಅತ್ತೆ ಕಾಗದದ ಮೇಲೆ, ಯಾವ ಸಾಲೆಂದು ತಿಳಿಯದೆ, ಒಂದು ಕಡೆ ಬೆರಳಿಟ್ಟರು.

"ಅದೊಂದ ಬಿಡು ನನ್ನವ್ವ. ಅದನ್ನ ಸುಳ್ಳ ಅಂತ ಬರೀಬ್ಯಾಡ. ಆ ಮುಂಬೈ ಮುದುಕಗ ಗೊತ್ತಿದ್ದದ್ದು ಹಂಗ ಇರ್ಲಿ."

ನಾನು ಇನ್ನೊಂದು ಕಾಗದ ತೆಗೆದುಕೊಂಡೆ. ಆ ಸಾಲನ್ನು ಬಿಟ್ಟು, ಪತ್ರವನ್ನು ಮೊದಲಿನಿಂದ ಬರೆದೆ.